ಬೀಗರು ಬರುವ ತನಕ

ನನಗೆ ಅನುಮಾನ ಜಾಸ್ತಿ. ಕಣ್ಣೆದುರಿಗೇ ಕರೆದುಕೊಟ್ಟ ಹಾಲಿಗೂ ಬೆರಳು ಅದ್ದಿ ನೋಡುವವಳು ನಾನು. ಶಾಲೆಗೆ ಯಾವ ಕಾಗದ ಬಂದರೂ ಮೂರು ಸಲ ಓದದೆ ಸಹಿ ಹಾಕುವುದಿಲ್ಲ. ಜೊತೆಯ ಟೀಚರುಗಳು 'ಲಾಯರಮ್ಮ' ಎಂದು ರೇಗಿಸುತ್ತಾರೆ. ರೇಗಿಸಲಿ, ನಾನಂತೂ ಈವರೆಗೆ ಯಾರಿಂದಲೂ ಟೋಪಿ ಹಾಕಿಸಿಕೊಂಡಿಲ್ಲ.

ನರಸೀಪುರದ ಆ ಸರ್ಕಾರಿ ಆಸ್ಪತ್ರೆಯ ಮೇಲೆ ಮಾತ್ರ ನಾಲ್ಕು ವರ್ಷದಿಂದ ನನ್ನ ಅನುಮಾನ ಕರಗಿರಲಿಲ್ಲ. ನನ್ನ ಮಗಳು ಹುಟ್ಟಿದ್ದು ಅಲ್ಲಿ. ಅವಳಿಗೆ ಈಗ ನಾಲ್ಕು. ಎಡಗೈ ಮುಷ್ಟಿ ತಾನಾಗಿ ಬಿಚ್ಚುವುದಿಲ್ಲ, ಗೋಡೆ ಹಿಡಿದು ನಡೆಯುತ್ತಾಳೆ. ವಾರಕ್ಕೊಮ್ಮೆ ವ್ಯಾಯಾಮ ಮಾಡಿಸಲು ಮೈಸೂರಿಗೆ ಕರೆದೊಯ್ಯುತ್ತೇನೆ. ಹುಟ್ಟುವಾಗ ಉಸಿರು ಸಿಗುವುದು ತಡವಾಗಿ ಮಿದುಳಿಗೆ ಪೆಟ್ಟು ಬಿದ್ದಿದೆ ಎಂದು ಅಲ್ಲಿನ ಡಾಕ್ಟರು ಹೇಳಿದರು. ತಡ ಮಾಡಿದ್ದು ಯಾರು? ಆಸ್ಪತ್ರೆಯವರೇ ಎಂದು ನಾನು ಅವತ್ತೇ ತೀರ್ಮಾನಿಸಿಬಿಟ್ಟೆ.

ಚೊಚ್ಚಲ ಬಾಣಂತನ ತವರಿನದು. ಹಾಗಾಗಿ ಏಳನೇ ತಿಂಗಳಲ್ಲೇ ನಂಜನಗೂಡಿನ ಗಂಡನ ಮನೆಯಿಂದ ಮೂಗೂರಿಗೆ ಬಂದಿದ್ದೆ. ಅವತ್ತು ಬೆಳಿಗ್ಗೆ ನೋವು ಕಾಣಿಸಿತು, ಅವ್ವ ಆಟೋ ಮಾಡಿಸಿ ಆಸ್ಪತ್ರೆಗೆ ಕರೆತಂದಳು. ವಾರ್ಡಿನ ಗಡಿಯಾರದಲ್ಲಿ ಹನ್ನೊಂದು ಹತ್ತು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಇಟ್ಟು ಕೇಳಿದರು, ಮತ್ತೆ ಕೇಳಿದರು.

"ಮಗುವಿನ ಎದೆಬಡಿತ ಕಮ್ಮಿ ಆಗ್ತಿದೆ. ಈಗಲೇ ಆಪರೇಷನ್ ಮಾಡ್ಬೇಕು. ಕಾಯೋ ಹಾಗಿಲ್ಲ."

ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಒಸಿ ತಡೀರಿ ಡಾಕ್ಟ್ರಮ್ಮ. ಬೀಗ್ರು ಬರ್ಲಿ. ಅವ್ರ ಮನೆ ಸೊಸೆ ಇವ್ಳು. ನಮ್ಮುನ್ನ ಕೇಳ್ದೆ ಒಟ್ಟೆ ಕುಯ್ಸುಬುಟ್ರಲ್ಲ ಅಂತ ನಾಳೆ ಅವ್ರು ಅಂದ್ರೆ ನಾನೇನ್ ಏಳ್ಲಿ?"

ನಮ್ಮ ಕಡೆ ಇದು ಹಾಗೇ. ಸೊಸೆಯ ಬಾಣಂತನ ತವರಿನದಾದರೂ ಸೊಸೆ ಮಾತ್ರ ಅತ್ತೆಮನೆಯ ಸೊತ್ತು. ಆದರೆ ನಿಜ ಹೇಳುತ್ತೇನೆ, ಅವ್ವನ ಮಾತು ನನಗೆ ಹಿತವಾಗಿತ್ತು. ಡಾಕ್ಟರಮ್ಮ ಪದೇ ಪದೇ ಕೈಗಡಿಯಾರ ನೋಡುತ್ತಿದ್ದರು. ಮೈಸೂರು ಬಸ್ಸಿಗೆ ಹೊತ್ತಾಯಿತೇನೋ, ಬೇಗ ಕುಯ್ದು ಮನೆಗೆ ಹೊರಡುವ ಆತುರ ಅಂದುಕೊಂಡೆ. ಅವರು ಎಣಿಸುತ್ತಿದ್ದದ್ದು ನನ್ನ ಮಗುವಿನ ಎದೆಬಡಿತ ಎಂಬುದು ಆಗ ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿಗೆ ನರ್ಸ್ ಒಂದು ಕಾಗದ ತಂದಳು. ಡಾಕ್ಟರಮ್ಮ ಪಕ್ಕದಲ್ಲಿ ನಿಂತು ಏನೋ ಹೇಳಿದರು. ನಾನು ಹಲ್ಲು ಕಚ್ಚಿಕೊಂಡು ಕಾಗದ ಓದಿದೆ, ಎರಡು ನೋವಿನ ನಡುವೆ ಒಂದೊಂದು ಸಲ, ಮೂರು ಸಲ. ಆಪರೇಷನ್ನಿಗೆ ಒಪ್ಪಿದ್ದೇನೆ ಎಂದು ಎಲ್ಲಾದರೂ ತೂರಿಸಿದ್ದಾರೋ ಎಂದು ಹುಡುಕಿದೆ. ಇರಲಿಲ್ಲ. ಸಹಿ ಹಾಕಿದೆ.

ನನ್ನ ಗಂಡ ಫ್ಯಾಕ್ಟರಿಯಲ್ಲಿದ್ದರು. ಕೆಲಸದ ಹೊತ್ತಿನಲ್ಲಿ ಅವರ ಫೋನು ಗೇಟಿನ ಬಳಿಯ ಲಾಕರಿನಲ್ಲಿ. ಅವ್ವ ಅತ್ತೆಗೆ ಫೋನು ಮಾಡಿ 'ಬೇಗ ಬನ್ನಿ' ಎಂದಷ್ಟೇ ಹೇಳಿದ್ದಳು. ಅತ್ತೆ ಗೇಟಿಗೇ ಹೋಗಿ, ಮಗನನ್ನು ಹೊರಗೆ ಕರೆಸಿ, ಬಸ್ಸು ಹಿಡಿದು ಬರುವ ಹೊತ್ತಿಗೆ ಒಂದೂ ಮುಕ್ಕಾಲು. ಒಳಗೆ ಕಾಲಿಟ್ಟವರೇ ಅತ್ತೆ ಎದೆ ಬಡಿದುಕೊಂಡರು.

"ಅಯ್ಯೋ ಬೀಗ್ತಿ, ನಮ್ಗೋಸ್ಕರ ಯಾಕವ್ವ ಕಾದ್ರಿ? ನಿಮ್ ಮಗಳಲ್ವಾ ಅವ್ಳು?"

ನಾಟಕ ಎಂದುಕೊಂಡೆ. ಅಷ್ಟು ಅನುಮಾನ ನನಗೆ.

ಆಪರೇಷನ್ ಆದದ್ದು ಆಮೇಲೆಯೇ. ಮಗು ಹೊಟ್ಟೆಯಲ್ಲೇ ನೀರು ಕುಡಿದಿತ್ತು. ಹುಟ್ಟಿದಾಗ ಅಳಲಿಲ್ಲ. ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದರು. ಹೊಲಿಗೆ ಹಾಕಿಸಿಕೊಂಡ ನಾನು ನರಸೀಪುರದಲ್ಲೇ ಉಳಿದೆ. ಮಗಳ ಮುಖ ನೋಡಿದ್ದು ಐದನೇ ದಿನ, ಗಾಜಿನಾಚೆಯಿಂದ.

ಅವತ್ತಿನಿಂದ ಒಂದೇ ಯೋಚನೆ. ಆಸ್ಪತ್ರೆಯವರು ಮುಂಚೆಯೇ ಏನೋ ಎಡವಟ್ಟು ಮಾಡಿ, ಆಮೇಲೆ ವೇಳೆ ತಿದ್ದಿ ಬರೆದಿದ್ದಾರೆ. ಹೋದ ತಿಂಗಳು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ನನ್ನ ಕೇಸ್ ಶೀಟಿನ ನಕಲು ತರಿಸಿಕೊಂಡೆ. ಮಗಳಿಗೆ ಎಣ್ಣೆ ಹಚ್ಚುತ್ತಾ ಅವ್ವ ಪಕ್ಕದಲ್ಲಿ ಕೂತಿದ್ದಳು. ನಾನು ತಿದ್ದಿದ ಗುರುತು ಹುಡುಕಿದೆ. ಹನ್ನೊಂದು ಹತ್ತು, ಹಾಗೇ ಇತ್ತು. ಒಂದೂ ಮುಕ್ಕಾಲು, ಅದೂ ಹಾಗೇ. ಒಂದಂಕಿಯೂ ಸುಳ್ಳಿರಲಿಲ್ಲ. ಮೂರನೇ ಪುಟದಲ್ಲಿ ಆ ಕಾಗದ ಸಿಕ್ಕಿತು.

'ತಡವಾದರೆ ಮಗುವಿಗೆ ಅಪಾಯವೆಂದು ತಿಳಿಸಲಾಗಿದೆ. ಶಸ್ತ್ರಚಿಕಿತ್ಸೆಗೆ ತಾಯಿಯ ಸಹಿಯೊಂದೇ ಸಾಕೆಂದೂ ತಿಳಿಸಲಾಗಿದೆ. ಗಂಡನ ಮನೆಯವರು ಬರುವವರೆಗೆ ಕಾಯಲು ತಾಯಿ ಒಪ್ಪಿರುತ್ತಾರೆ.'

ಕೆಳಗೆ ನನ್ನ ಸಹಿ. ನೋವಿನಲ್ಲೂ ಒಂದಕ್ಷರ ಕೆಟ್ಟಿರಲಿಲ್ಲ. ಇದು ನನ್ನದಲ್ಲ ಎನ್ನಲು ನನ್ನಂಥ ಅನುಮಾನದವಳಿಗೂ ದಾರಿ ಇರಲಿಲ್ಲ. ಮೂರು ಸಲ ಓದಿದ್ದೆನಲ್ಲ!

"ಏನವ್ವ ಅದೆ ಅದ್ರಲ್ಲಿ? ಅವ್ರುದೇ ತಪ್ಪು ಅಂತ ಬರ್ದವ್ರಾ?" ಅವ್ವ ಕೇಳಿದಳು.

ಮಗಳು ಎಡಗೈಯನ್ನು ನನ್ನ ಕಡೆ ಚಾಚಿದಳು. ಅದು ಅವಳ ಅಭ್ಯಾಸ, ನಾನು ಬಿಡಿಸಿಕೊಡಬೇಕು. ಒಂದೊಂದೇ ಬೆರಳು ಬಿಡಿಸುತ್ತಾ ಹೇಳಿದೆ:

"ಕಾಯೋಕೆ ನನ್ ಸಹಿ ಸಾಕಾಗಿತ್ತು ಕಣವ್ವ. ಕುಯ್ಯೋಕೂ ಅದೇ ಸಾಕಿತ್ತಂತೆ."