ಬೆರಳು ಪಳಗಿಸಿದ ವಾರ

ಡಯಾಲಿಸಿಸ್ ವಾರ್ಡಿನ ಆ ನರ್ಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ಅಲ್ಲಿಗೆ ಬರುವ ರೋಗಿಯ ಮುಂಗೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿರುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ದುಂಬಿ ಗುಂಯ್‌ಗುಟ್ಟುವಂತೆ ರಕ್ತ ಮಿಡಿಯಬೇಕು. ಮಿಡಿಯದಿದ್ದರೆ ನಾಳ ಕಟ್ಟಿಕೊಂಡಿದೆ ಎಂದರ್ಥ, ಸೂಜಿ ಚುಚ್ಚಬಾರದು.

ಎಂಟು ವರ್ಷದ ಹಿಂದೆ ಒಬ್ಬ ದರ್ಜಿಯ ಕೈ ಹೀಗೆ ಸದ್ದಿಲ್ಲದೆ ತಣ್ಣಗಿತ್ತು. ಅವಳು ಹೇಳಿದಳು. ಕನ್ನಡಕದ ಡಾಕ್ಟರು ತಲೆ ಎತ್ತದೆ, "ಚುಚ್ಚೋದು ನಿನ್ನ ಕೆಲಸ, ಯೋಚನೆ ನಂದು" ಎಂದರು. ಚುಚ್ಚಿದಳು. ಅದು ತನ್ನ ತಪ್ಪೇ ಎಂದು ಅವಳು ಇವತ್ತಿಗೂ ಒಪ್ಪುತ್ತಾಳೆ. ಕೈ ಊದಿ ಕಪ್ಪಿಟ್ಟಿತು. ದರ್ಜಿ ಮತ್ತೆ ಕತ್ತರಿ ಹಿಡಿಯಲಿಲ್ಲ. ಡಾಕ್ಟರು ವರದಿಯಲ್ಲಿ ಬರೆದದ್ದು 'ನರ್ಸಿನ ನಿರ್ಲಕ್ಷ್ಯ' ಎಂದು. ಆರು ತಿಂಗಳು ಅವಳು ಶಿಕ್ಷೆಯಾಗಿ ಆಸ್ಪತ್ರೆಯ ಬಟ್ಟೆಯ ಕೋಣೆಯಲ್ಲಿ ಹೊದಿಕೆ ಮಡಚಿದಳು, ಒಂದೊಂದು ಮಡಿಕೆಗೂ ಹಲ್ಲು ಕಚ್ಚಿದಳು. ಆಮೇಲೆ ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಎರಡು ವರ್ಷ ಮುಂದಕ್ಕೆ ಓದಿದಳು. ರೋಗಿಗಳ ಮೇಲಿನ ಕರುಣೆಯಿಂದ ಓದಿದಳು ಎಂದು ಜನ ಹೇಳುತ್ತಾರೆ. ಅವಳನ್ನು ಕೇಳಿದರೆ ನಗುತ್ತಾಳೆ.

ವಿಶೇಷ ನರ್ಸಾಗಿ ಮರಳಿದವಳು ಮೊದಲು ಬರೆದದ್ದು ಒಂದು ನಿಯಮ. ಕಟ್ಟಿಕೊಂಡ ನಾಳವನ್ನು ಸರಿಯಿದೆ ಎಂದವರು, ಯಾರೇ ಆಗಲಿ, ಒಂದು ವಾರ ಅವಳ ಜೊತೆ ನಿಂತು ಬೆರಳು ಪಳಗಿಸಿಕೊಳ್ಳಬೇಕು. ಅವಳ ಸಹಿಯಿಲ್ಲದೆ ರೌಂಡ್ಸಿಗೆ ಹೋಗುವಂತಿಲ್ಲ. ಕಿರಿಯ ನರ್ಸುಗಳಿಗಿರಬೇಕು ಎಂದುಕೊಂಡು ಆಸ್ಪತ್ರೆಯವರು, ಆ ಡಾಕ್ಟರೂ ಸೇರಿ, ಒಪ್ಪಿ ಸಹಿ ಹಾಕಿದರು. ಅವಳು ಹೊಂಚು ಹಾಕಿ ಕೂತಳು.

ಐದೂವರೆ ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅದೇ ಡಾಕ್ಟರು ಗಡಿಬಿಡಿಯಲ್ಲಿ ಶಾಲೆಯ ಟೀಚರಮ್ಮನ ಕೈಯನ್ನು ತೋಳಿನ ಬಟ್ಟೆಯ ಮೇಲಿಂದಲೇ ಮುಟ್ಟಿ 'ಸರಿಯಿದೆ' ಎಂದು ಬರೆದು ಹೋದರು. ದೊಡ್ಡಕ್ಕ ಬೆರಳಿಟ್ಟಳು. ಸದ್ದಿಲ್ಲ. ಸೂಜಿ ಒಳಗೆ ಹೋಗಲಿ, ಈ ಸಲ ಆ ಡಾಕ್ಟರನ ಕಥೆ ಮುಗಿಯಲಿ ಎಂದು ಒಂದು ಗಳಿಗೆ ಅವಳಿಗೆ ಅನಿಸಿತು.

"ಯಾಕೆ ದೊಡ್ಡಕ್ಕ, ಬೆರಳು ಅಲ್ಲೇ ನಿಂತ್ಬಿಡ್ತು?" ಎಂದರು ಟೀಚರಮ್ಮ.

ಅವಳು ತಕ್ಷಣ ಅವರನ್ನು ಆಪರೇಷನ್ನಿಗೆ ಕಳಿಸಿದಳು. ಕೈ ಉಳಿಯಿತು. ಆಮೇಲೆ ನಿಯಮದ ಹಾಳೆ ಹಿಡಿದು ಡಾಕ್ಟರ ಕೋಣೆಗೆ ಹೋದಳು.

"ನಾಳೆ ಏಳಕ್ಕೆ ಬನ್ನಿ ಸರ್. ಉಗುರು ಕತ್ತರಿಸಿಕೊಂಡು ಬನ್ನಿ."

ಅವರು ಹಾರಾಡಿದರು, ಮೇಲಿನವರ ಬಳಿ ಓಡಿದರು. ಮೇಲಿನವರು ಡಾಕ್ಟರದೇ ಸಹಿಯಿದ್ದ ಒಪ್ಪಿಗೆ ಪತ್ರ ತೋರಿಸಿದರು. ಮರುದಿನದಿಂದ ಡಾಕ್ಟರು ಕಿರಿಯ ಹುಡುಗಿಯರ ಸಾಲಿನ ಕೊನೆಯಲ್ಲಿ ನಿಂತು, ಒಂದೊಂದು ಕೈ ಮುಟ್ಟಿ, ಏನು ತಿಳಿಯಿತೆಂದು ಗಟ್ಟಿಯಾಗಿ ಹೇಳಬೇಕಾಯಿತು.

"ಏನ್ ಡಾಕ್ಟ್ರೇ, ಮತ್ತೆ ಒಂದನೇ ಕ್ಲಾಸಿಗೆ ಸೇರ್ಕೊಂಡ್ರಾ?" ಎಂದ ಹಾಸಿಗೆಯಲ್ಲಿ ಕೈ ಚಾಚಿ ಮಲಗಿದ್ದ ಒಬ್ಬ ಆಟೋದವನು. ದೊಡ್ಡಕ್ಕ ಅವನನ್ನು ಗದರಲಿಲ್ಲ. ಅವತ್ತು ಅವಳಿಗೆ ಊಟ ರುಚಿಸಿತು.

ಮೂರನೇ ದಿನಕ್ಕೆ ಅವರ ಬೆರಳು ಪಳಗಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಶನಿವಾರ ಸಹಿಗೆ ಹಾಳೆ ಚಾಚಿದ ಡಾಕ್ಟರು ಬಾಗಿಲ ಕಡೆ ನೋಡುತ್ತ ಮೆಲ್ಲಗೆ ಹೇಳಿದರು, "ಆ ವರದೀನ ನಾನು ಹಾಗೆ ಬರೀಬಾರದಿತ್ತು."

ಎಂಟು ವರ್ಷ ಕಾದ ಮಾತು. ಬಂದಾಗ ಅದು ಅವಳಿಗೆ ಸಾಕೆನಿಸಲಿಲ್ಲ.

"ಅದನ್ನ ಕಾಗದದಲ್ಲಿ ಬರೆದು ಕೊಡಿ ಸರ್."

ಡಾಕ್ಟರು ಸಹಿಯ ಹಾಳೆಯನ್ನೇ ಇನ್ನಷ್ಟು ಮುಂದಕ್ಕೆ ತಳ್ಳಿದರು. ದೊಡ್ಡಕ್ಕ ಪೆನ್ನಿನ ಮುಚ್ಚಳ ಹಾಕಿದಳು.

"ಬೆರಳು ಇನ್ನೂ ಪಳಗಿಲ್ಲ. ಸೋಮವಾರ ಏಳಕ್ಕೆ ಬನ್ನಿ."