ಕಂಬ ಹತ್ತುವ ಮೊದಲು

ನನ್ನ ಮಗ ಕರೆಂಟ್ ಕಂಬದ ಮೇಲೆ ಸತ್ತವನು. ಗುತ್ತಿಗೆದಾರರ ಕಡೆಯಿಂದ ಲೈನ್ ಕೆಲಸಕ್ಕೆ ಹೋಗುತ್ತಿದ್ದ. ಕೆರೆಕಟ್ಟೆ ಕಡೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸ್ ತೆಗೆದೇ ಅವನನ್ನು ಹತ್ತಿಸಿದ್ದರು. ಅಷ್ಟರಲ್ಲಿ ಕೆಳಗಿನ ಒಂದು ಮನೆಯವರು ಜನರೇಟರ್ ಶುರು ಮಾಡಿ, ಎರಡೂ ತುದಿಗೆ ಪಿನ್ನು ಹಾಕಿದ ವಯರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದರು. ಮೈನ್ ಸ್ವಿಚ್ ಇಳಿಸಿರಲಿಲ್ಲ. ಆ ಕರೆಂಟ್ ಹಿಂದಕ್ಕೆ ಹರಿದು ಲೈನಿಗೆ ಬಂತು. ಅವರನ್ನು ಬೈದು ಏನು ಪ್ರಯೋಜನ? ಹಬ್ಬಕ್ಕೆ ಬಾಡಿಗೆ ಜನರೇಟರ್ ತಂದು ನಾವೂ ಹಾಗೇ ಮಾಡಿದ್ದೆವು. ನಮಗೆ ಆ ವಯರು ಮಾಡಿಕೊಟ್ಟವನು ಮಗನೇ.

ಅವನ ಮಗಳು ಎಲೆಕ್ಟ್ರಿಷಿಯನ್ ತರಬೇತಿಗೆ ಸೇರಿದಳು. ನಾನು ಬೇಡ ಎಂದೆ, ಕೇಳಲಿಲ್ಲ. ಸೇರಿದ ಮೇಲೆ ಸಾಯದ ಹಾಗೆ ಕಲಿಸಿದರೆ ಸಾಕು ಎಂದುಕೊಂಡೆ.

ಒಂದು ದಿನ ಆ ಶಾಲೆಯಲ್ಲಿ ಮೀಟಿಂಗು ಇಟ್ಟರು. ಯಾವ ಪಾಠ ಬೇಕು, ಯಾವುದು ಬೇಡ ಎಂದು ಕೆಲಸ ಗೊತ್ತಿದ್ದವರನ್ನು ಕರೆಸಿ ಕೇಳುವುದಂತೆ. ಮನೆಯವರೂ ಬರಬಹುದು ಎಂದಿದ್ದರು. ಸೊಸೆಗೆ ಕೆಲಸ ಬಿಟ್ಟು ಬರಲಾಗಲಿಲ್ಲ, ನಾನು ಹೋದೆ. ಮುಂದೆ ಇಬ್ಬರು ಕೂತಿದ್ದರು. ಒಬ್ಬರು ದೂರದ ಯಾವುದೋ ಕಾರ್ಖಾನೆಯ ಸಾಹೇಬರು. ಇನ್ನೊಬ್ಬ ಲೈನ್ ಮೇಸ್ತ್ರಿ, ಆವತ್ತು ನನ್ನ ಮಗನನ್ನು ಕಂಬ ಹತ್ತಿಸಿದವನು. ಹೆಣ ಸುಟ್ಟ ದಿನದಿಂದ ನಾನು ಅವನೊಡನೆ ಮಾತಾಡಿರಲಿಲ್ಲ.

ಸಾಹೇಬರು ಪ್ಯಾನಲ್ ಬೋರ್ಡು, ಕಂಪ್ಯೂಟರ್ ಎಂದೆಲ್ಲ ಹೇಳಿ, "ಕಂಬದ ಪಾಠಕ್ಕೆ ಇಷ್ಟೊಂದು ಗಂಟೆ ಯಾಕೆ? ನಮ್ಮಲ್ಲಿ ಕಂಬವೇ ಇಲ್ಲ" ಅಂದರು. ಪ್ರಿನ್ಸಿಪಾಲರು ತಲೆಯಾಡಿಸಿದರು. ಮಕ್ಕಳಿಗೆ ಕೆಲಸ ಕೊಡುವವರು ಅವರೇ ತಾನೆ.

ಮೇಸ್ತ್ರಿ ಚೀಲದಿಂದ ಒಂದು ಸರಪಳಿ ತೆಗೆದು ಮೇಜಿನ ಮೇಲಿಟ್ಟ.

"ಪ್ಯಾನಲ್ ಕಲ್ಸಿ, ಬೇಡ ಅನ್ನಲ್ಲ. ಕಂಬ ತೆಗಿಬೇಡಿ. ಫ್ಯೂಸ್ ತೆಗೆದ್ರೆ ಲೈನ್ ಸತ್ತೋಯ್ತು ಅಂದ್ಕೊಂಡು ಬರ್ತಾರೆ ಇಲ್ಲಿ ಕಲಿತ ಮಕ್ಳು. ಹತ್ತೋ ಮೊದ್ಲು ಇದರ ಒಂದು ತುದಿ ನೆಲದಲ್ಲಿ ಹೂತು, ಆಮೇಲೆ ಇನ್ನೊಂದು ತುದಿ ಉದ್ದ ಕೋಲಿಂದ ತಂತಿಗೆ ಸಿಕ್ಕಿಸ್ಬೇಕು. ಎಲ್ಲಿಂದ ಕರೆಂಟ್ ಬಂದ್ರೂ ಮಣ್ಣಿಗೆ ಹೋಗತ್ತೆ. ಇದು ಕೈಗೆ ರೂಢಿ ಆಗ್ಬೇಕು."

"ಅದು ಪುಸ್ತಕದಲ್ಲಿ ಇದೆಯಲ್ಲ," ಪ್ರಿನ್ಸಿಪಾಲರು ಅಂದರು.

"ಪುಸ್ತಕದಲ್ಲಿ ಆವತ್ತೂ ಇತ್ತು ಸಾರ್. ಸರಪಳಿ ಜೀಪಲ್ಲೂ ಇತ್ತು. ಮಳೆ ಹೊಡೀತಿತ್ತು, ಜನ ಬೈತಿದ್ರು. ಹತ್ತು ನಿಮಿಷದ ಕೆಲಸ, ಕಂಬ ಹತ್ತು ಮಾರಾಯ ಅಂದೆ ನಾನು."

ಜೀಪಿನಲ್ಲಿ ಸರಪಳಿ ಇತ್ತೆನ್ನುವುದು ನನಗೆ ಗೊತ್ತಾದದ್ದು ಆವಾಗ. ಎದ್ದು ನಿಂತೆ.

"ಇದನ್ನ ಆವತ್ತೇ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ಕೆಲಸ ಹೋಗ್ತಿತ್ತು ಅಮ್ಮಾ."

ಸಾಹೇಬರು ಮೊಬೈಲ್ ನೋಡತೊಡಗಿದರು. ನಾನು ಪ್ರಿನ್ಸಿಪಾಲರಿಗೆ ಹೇಳಿದೆ: "ಇವನ ಮುಖ ನೋಡೋಕೆ ನಂಗೆ ಇಷ್ಟ ಇಲ್ಲ. ಆದ್ರೂ ಕಂಬದ ಪಾಠ ಇವನೇ ಹೇಳ್ಲಿ. ಆ ಸಾಹೇಬ್ರು ಕಂಬದಿಂದ ಹೆಣ ಇಳಿಸಿದವ್ರಲ್ಲ."

ಕಂಬದ ಗಂಟೆಗಳನ್ನು ಅರ್ಧ ಮಾಡಿದರು. ಮೇಸ್ತ್ರಿಗೆ ಸಿಕ್ಕಿದ್ದು ಮೂರು ದಿನ. ಮೂರು ದಿನವೂ ಆ ಸರಪಳಿಯನ್ನೇ ಹಾಕಿಸಿ ತೆಗೆಸಿದನಂತೆ. ಮೊಮ್ಮಗಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಕೊಬ್ಬರಿ ಎಣ್ಣೆ ಹಚ್ಚಿದೆ. ಅವನ ಸುದ್ದಿ ಕೇಳಲಿಲ್ಲ.

ಈ ಮಳೆಗಾಲ ಅವಳನ್ನು ಸೀತೂರು ಕಡೆ ಒಬ್ಬ ಗುತ್ತಿಗೆದಾರರ ಹತ್ತಿರ ಕೆಲಸ ಕಲಿಯಲು ಹಾಕಿದರು. ಅವರ ಜೀಪಿನಲ್ಲಿ ಸರಪಳಿ ಇರಲಿಲ್ಲ. ಅದು ಬರುವ ತನಕ ಹತ್ತುವುದಿಲ್ಲ ಎಂದಳು.

"ನಿಮ್ಮಪ್ಪ ಹೀಗೆ ಹೆದರ್ತಿರ್ಲಿಲ್ಲ ಕಣೆ," ಅಂದನಂತೆ ಅಲ್ಲೊಬ್ಬ, ನನ್ನ ಮಗನ ಜೊತೆ ಕೆಲಸ ಮಾಡಿದ್ದವನು.

ಬೇರೆಯವನನ್ನು ಹತ್ತಿಸಿದರು. ಅವನು ಕೆಲಸ ಮುಗಿಸಿ ಇಳಿದು, ಬೀಡಿ ಹಚ್ಚಿದ. ನಾಳೆಯಿಂದ ಬರಬೇಡ ಎಂದು ಇವಳನ್ನು ಕಳಿಸಿದರು. ಅಲ್ಲಿಯ ಸಹಿ ಇಲ್ಲದೆ ಶಾಲೆಯವರು ಸರ್ಟಿಫಿಕೇಟ್ ಕೊಡುವುದಿಲ್ಲ.

"ಅವನಿಗೆ ಏನೂ ಆಗ್ಲಿಲ್ಲ ಅಜ್ಜಿ. ನಾನೂ ಹತ್ತಬಹುದಿತ್ತು," ಎಂದು ಅತ್ತಳು.

"ಆಗ್ಲಿಲ್ಲ. ಅವನ ಪುಣ್ಯ. ಊಟ ಮಾಡು," ಎಂದೆ.

ಎರಡು ತಿಂಗಳಾಯಿತು. ಬೇರೆ ಇಬ್ಬರು ಗುತ್ತಿಗೆದಾರರನ್ನು ಕೇಳಿದೆವು. ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು, ಆಗಲ್ಲ ಎಂದರು. ಹುಡುಗಿ ಮನೆಯಲ್ಲಿದ್ದಾಳೆ.