ಎಲೆ ಎಂದು ಬರೆಯಲಿಲ್ಲ

ಇದನ್ನು ಹೇಳದೆ ಇಷ್ಟು ವರ್ಷ ಮುಂದೂಡಿದ್ದಕ್ಕೆ ನನ್ನಲ್ಲಿ ಒಳ್ಳೆಯ ಕಾರಣವಿಲ್ಲ. ಮೊದಲು ನೌಕರಿ ಹೋದೀತೆಂದು ಸುಮ್ಮನಿದ್ದೆ. ನಿವೃತ್ತನಾದ ಮೇಲೆ ಪಿಂಚಣಿ ನಿಂತೀತೆಂದು ಸುಮ್ಮನಿದ್ದೆ. ಆಮೇಲೆ ಯಾರೂ ಕೇಳಲಿಲ್ಲ, ಅದೇ ಆರಾಮವೆನಿಸಿತು.

ನಾನು ಹತ್ತನೆಯ ತರಗತಿ ಪಾಸಾಗಿ ಅಬಕಾರಿ ಇಲಾಖೆಯಲ್ಲಿ ಗಾರ್ಡ್ ಆದವನು. ಮನೆ ಬೀದರಿನ ನೌಬಾದದಲ್ಲಿ. ಮೊದಲ ಕೆಲವು ವರ್ಷ ಭಾಲ್ಕಿಯಲ್ಲಿದ್ದೆ, ಆಮೇಲೆ ಔರಾದಕ್ಕೆ ಹಾಕಿದರು. ನನ್ನ ಅಕ್ಷರ ದುಂಡಗಿತ್ತು. ಹಾಗಾಗಿ ದಾಳಿ ಮಾಡಿದಲ್ಲೆಲ್ಲ ಪಂಚನಾಮೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಕಾನೂನು ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ಮಾದಕ ವಸ್ತುಗಳ ಕಾನೂನಿನಲ್ಲಿ ಗಿಡದ ಹೂವಿನ ತೆನೆ ಸಿಕ್ಕರೆ ಅದು ಗಾಂಜಾ. ಜಾಮೀನು ಸಿಗುವುದೂ ಕಷ್ಟ. ತೆನೆಯಿಲ್ಲದ ಬರೀ ಎಲೆ ಆ ಕಾನೂನಿನಲ್ಲಿ ಗಾಂಜಾ ಅಲ್ಲ. ಅದು ಭಂಗಿ, ಅದಕ್ಕೆ ರಾಜ್ಯದ ಅಬಕಾರಿ ನಿಯಮ ಬೇರೆ. ಪರ್ಮಿಟ್ ಇದ್ದ ವೈದ್ಯರು ಎಲೆ ಇಟ್ಟುಕೊಳ್ಳಬಹುದು, ಚೀಟಿ ಬರೆದು ರೋಗಿಗೆ ಔಷಧಿಯಾಗಿ ಕೊಡಬಹುದು ಎಂದೇ ನಮ್ಮ ಆಫೀಸು ನಡೆಸಿಕೊಂಡು ಬಂದಿತ್ತು. ಭಾಲ್ಕಿಯಲ್ಲಿ ಅಂಥ ಒಬ್ಬ ವೈದ್ಯರಿದ್ದರು. ಅಲ್ಲಿದ್ದಾಗ ಪ್ರತಿ ತಿಂಗಳು ಅವರ ರಿಜಿಸ್ಟರ್ ತಪಾಸಣೆಗೆ ಹೋಗುತ್ತಿದ್ದವನು ನಾನೇ. ಅವರ ಸಹಿಯನ್ನು ದೂರದಿಂದಲೇ ಗುರುತಿಸಬಲ್ಲವನಾಗಿದ್ದೆ.

ಅವು ಮಳೆ ಕೈಕೊಟ್ಟ ವರ್ಷಗಳು. ಔರಾದ ಕಡೆಯ ಊರುಗಳು ಅರ್ಧಕ್ಕರ್ಧ ಹೈದರಾಬಾದಿಗೂ ಪುಣೆಗೂ ಗುಳೆ ಹೋಗಿದ್ದವು. ತೊಗರಿಯ ಸಾಲಿನ ನಡುವೆ ಕದ್ದು ಬೆಳೆಯುತ್ತಿದ್ದ ಗಾಂಜಾ ಕೂಡ ಒಣಗಿಹೋಗಿತ್ತು. ಮೇಲಿನವರಿಗೆ ಮಾತ್ರ ತಿಂಗಳು ತಿಂಗಳು ಕೇಸು ಬೇಕು. ಸಾಕ್ಷಿಗೆ ಪಂಚರಾಗಿ ಸಹಿ ಹಾಕಲು ಊರುಗಳಲ್ಲಿ ಗಂಡಸರೇ ಸಿಗುತ್ತಿರಲಿಲ್ಲ. ಔರಾದ ಬಸ್ ಸ್ಟ್ಯಾಂಡಿನಲ್ಲಿ ಕೂರುವ ಇಬ್ಬರನ್ನು ಜೀಪಿನಲ್ಲೇ ಒಯ್ಯುತ್ತಿದ್ದೆವು. ಪಂಚನಾಮೆಯ ಮುಕ್ಕಾಲು ಪಾಲನ್ನು ನಾನು ಆಫೀಸಿನಲ್ಲೇ ಬರೆದಿಟ್ಟುಕೊಳ್ಳುತ್ತಿದ್ದೆ. ಊರು, ಹೆಸರು, ತೂಕಕ್ಕೆ ಜಾಗ ಬಿಟ್ಟಿರುತ್ತಿದ್ದೆ. ‘ಹೂ, ತೆನೆ, ಎಲೆ ಸಹಿತ ಒಣಗಿದ ಗಾಂಜಾ’ ಎಂಬ ಸಾಲಿನಲ್ಲಿ ಮಾತ್ರ ಯಾವ ಜಾಗವನ್ನೂ ಬಿಡುತ್ತಿರಲಿಲ್ಲ.

ಒಂದು ಮುಂಜಾನೆ ಎಕಂಬಾದ ಆಚೆಗಿನ ಒಂದು ಊರಿಗೆ ಹೋದೆವು. ಕುರಿ ಸಾಕುವವರ ಮನೆ. ಮಗ ಮಂದೆ ಹೊಡೆದುಕೊಂಡು ಮೇವು ಹುಡುಕುತ್ತ ಮಹಾರಾಷ್ಟ್ರದ ಕಡೆ ಹೋಗಿದ್ದ. ಮನೆಯಲ್ಲಿದ್ದವರು ಅವನ ಹೆಂಡತಿ ಮತ್ತು ತಾಯಿ, ಇಬ್ಬರೇ. ತಾಯಿಗೆ ಗಂಟಲಲ್ಲಿ ಗಡ್ಡೆ. ಹೈದರಾಬಾದಿನ ದವಾಖಾನೆಯವರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಕಳಿಸಿದ್ದರು. ಆ ಮನೆಯಿಂದ ಭಂಗಿ ಹುರಿಯುವ ವಾಸನೆ ಬರುತ್ತದೆಂದು ಯಾರೋ ನಮ್ಮ ಆಫೀಸಿಗೆ ಸುದ್ದಿ ಮುಟ್ಟಿಸಿದ್ದರು.

ನಾನು ಬೂಟು ಹಾಕಿಕೊಂಡೇ ಒಳಗೆ ನುಗ್ಗಿದೆ. ಸೊಸೆ ಒಲೆಯ ಮುಂದಿನಿಂದ ಎದ್ದು ಬಂದಳು.

“ಏನ್ರೀ ಸಾಹೇಬ್ರ, ದಾರೂ ಅಂಗಡಿಗಿ ಹೋದ್ರ ಹೊರಗ ಕುರ್ಚಿ ಮ್ಯಾಲ ಕೂಡ್ತೀರಿ. ನಮ್ಮ ಮನಿಗಿ ಬಂದ್ರ ಬೂಟಿನ್ಯಾಗೇ ಒಲಿತನಕಾ ಬರ್ತೀರಿ?”

ನಮ್ಮ ಜೀಪಿನ ಪಂಚರಿಬ್ಬರೂ ನಕ್ಕರು. ಇನ್ಸ್‌ಪೆಕ್ಟರ್ ಹೊರಗೆ ಜೀಪಿನ ಹತ್ತಿರವಿದ್ದರು. ಅವರೂ ನಕ್ಕಿದ್ದು ಕೇಳಿಸಿತು. ಆ ನಗು ನನಗೆ ಚುಚ್ಚಿತು. ಮಿಕ್ಕಿದ್ದಕ್ಕೆಲ್ಲ ಆಫೀಸನ್ನು ದೂರಬಹುದು. ಅಲ್ಲಿಂದ ಮುಂದಿನದು ನನ್ನದು.

“ಬಾಯಿ ಬಂದ್ ಮಾಡ. ಮಾಲ್ ಎಲ್ಲಿಟ್ಟೀದಿ ತೋರ್ಸು,” ಎಂದೆ.

“ಮಾಲ್ ಅಲ್ರಿ ಅದು, ದವಾ. ನಮ್ಮತ್ತಿ ನುಂಗಲಾಕ ಬರಲ್ದೆ ಒದ್ದಾಡ್ತಾಳ. ತುಪ್ಪದಾಗ ಹುರದು ನಾಲಗಿಗಿ ಹಚ್ಚಿದ್ರ ಒಂದೀಟು ಕಣ್ಣು ಮುಚ್ತಾಳ. ಭಾಲ್ಕಿ ವೈದ್ಯರು ಕೊಟ್ಟಾರ. ಚೀಟಿ ಅದಾ, ನೋಡ್ರಿ.”

ಗೋಡೆಯ ಗೂಡಿನಿಂದ ಚೀಟಿ ತೆಗೆದು ಕೊಟ್ಟಳು. ಬಿಡಿಸಿ ಓದಿದೆ. ಅದೇ ಸಹಿ. ರೋಗಿಯ ಹೆಸರು, ರೋಗ, ಎಷ್ಟು ಎಲೆ ಎಂಬುದು, ಎಲ್ಲವೂ ಇತ್ತು. ಮೂಲೆಯಲ್ಲಿದ್ದ ಬಟ್ಟೆಯ ಚೀಲ ಬಿಚ್ಚಿ ನೋಡಿದೆ. ಬರೀ ಎಲೆ. ಒಂದು ತೆನೆಯೂ ಇರಲಿಲ್ಲ.

ಮುದುಕಿ ಗೋಡೆಗೆ ಒರಗಿ ಕಂಬಳಿ ಹೊದ್ದು ಕುಳಿತಿದ್ದಳು. ಮಾತು ನಿಂತುಹೋಗಿತ್ತು. ಚೀಲ ನನ್ನ ಕೈಗೆ ಬಂದದ್ದನ್ನು ನೋಡಿ ಕೈ ಚಾಚಿದಳು. ನಾನು ಚೀಲವನ್ನು ನೆಲಕ್ಕೆ ಹಾಕಿ, ಅವಳಿಗೆ ಎಟುಕದಂತೆ ಬೂಟಿನಿಂದ ಬಾಗಿಲ ಕಡೆ ಸರಿಸಿದೆ.

ಇನ್ಸ್‌ಪೆಕ್ಟರ್ ಒಳಗೆ ಇಣುಕಿ, “ಕೈಯಾಗ ಏನದು?” ಎಂದರು.

“ಏನಿಲ್ಲ ಸರ್, ಯಾವುದೋ ಕಷಾಯದ ಚೀಟಿ.”

ಆ ಒಂದು ಸುಳ್ಳಿನಿಂದ ಉಳಿದ ಕೆಲಸ ಸಲೀಸಾಯಿತು. ಪಂಚನಾಮೆಯ ಖಾಲಿ ಜಾಗಗಳನ್ನು ತುಂಬಿದೆ. ಮೊದಲೇ ಬರೆದಿಟ್ಟಿದ್ದ ಗಾಂಜಾದ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ‘ಎಲೆ ಮಾತ್ರ’ ಎಂದು ಬರೆದು ಸಹಿ ಹಾಕಿದ್ದರೆ ಸಾಕಿತ್ತು. ಬರೆಯಲಿಲ್ಲ. ಪಂಚರು ಓದದೆ ಸಹಿ ಮಾಡಿದರು. ಸೊಸೆಯನ್ನು ಜೀಪಿಗೆ ಹತ್ತಿಸುವಾಗ ಅವಳು ಬಯ್ಯಲಿಲ್ಲ, ಅಳಲೂ ಇಲ್ಲ.

“ನನ್ನ ಒಯ್ರಿ, ಚೀಲ ಬಿಟ್ಟು ಹೋಗ್ರಿ. ಆಕಿ ಸಾಯೋತನಕಾ ಸಾಕಾಗ್ತದ, ಜಾಸ್ತಿ ಏನ್ ಇಲ್ಲ ಅದ್ರಾಗ,” ಎಂದಳು.

“ಜಪ್ತಿ ಮಾಡಿದ ಮುದ್ದೆಮಾಲು ಬಿಟ್ಟು ಹೋಗ್ಲಾಕ ಇದೇನು ನಿಮ್ಮಪ್ಪನ ಆಫೀಸಾ?” ಎಂದೆ. ಪಂಚರು ಮತ್ತೆ ನಕ್ಕರು. ಈ ಸಲ ನನ್ನ ಪರವಾಗಿ ನಕ್ಕರು, ನನಗೆ ಸಮಾಧಾನವಾಯಿತು. ಔರಾದಕ್ಕೆ ಬರುವ ದಾರಿಯಲ್ಲಿ ಚೀಟಿಯನ್ನು ಹರಿದು ಹೊರಗೆ ಬಿಟ್ಟೆ.

ಸೊಸೆಯನ್ನು ಬೀದರಿನ ಜೈಲಿಗೆ ಕಳಿಸಿದರು. ಎರಡು ತಿಂಗಳಾದ ಮೇಲೆ ಪರೀಕ್ಷೆಯ ವರದಿ ಬಂತು: ಎಲೆ ಮಾತ್ರ, ತೆನೆಯಿಲ್ಲ. ಭಾಲ್ಕಿಯ ವೈದ್ಯರು ತಮ್ಮ ರಿಜಿಸ್ಟರ್ ತಂದು ಕೋರ್ಟಿಗೆ ತೋರಿಸಿದರು. ಅವಳನ್ನು ಬಿಟ್ಟರು. ನನ್ನನ್ನು ಒಬ್ಬರೂ ಏನೂ ಕೇಳಲಿಲ್ಲ. ಇನ್ಸ್‌ಪೆಕ್ಟರ್ ಮಾತ್ರ, “ಇನ್ನ ಮ್ಯಾಲ ನೋಡಿ ಬರಿ ಮಾರಾಯ,” ಎಂದು ಬೀಡಾ ಕೊಟ್ಟರು.

ಅಷ್ಟರಲ್ಲಿ ಮುದುಕಿ ಸತ್ತಿದ್ದಳು. ಕೋರ್ಟಿನ ಅಂಗಳದಲ್ಲಿ ಅವರ ನೆರೆಮನೆಯ ಹೆಂಗಸು ನನ್ನನ್ನು ಗುರುತು ಹಿಡಿದು ಎಲ್ಲರ ಮುಂದೆ ನಿಲ್ಲಿಸಿದಳು.

“ಕೇಳು, ಸರ್ಕಾರದ ಮಗನೆ. ಹದಿನೆಂಟು ದಿನ ಒದ್ದಾಡ್ಯಾಳ. ಕೂಗಲಾಕ ದನಿ ಇಲ್ಲ, ಕಂಬಳಿ ಕಚ್ಚಿ ಕಚ್ಚಿ ತೂತು ಮಾಡ್ಯಾಳ. ನೀರು ಬಿಡ್ಲಾಕ ನಾ ಹೋದ್ರ ಮೂಲಿಗಿ ಕೈ ಮಾಡಿ ತೋರಸ್ತಿದ್ಳು, ಚೀಲ ಎಲ್ಲಿ ಅಂತ. ನಾ ಏನ್ ಕೊಡ್ಲಿ ಆಕಿಗಿ? ನಿನ್ನ ಟೊಪ್ಪಿಗಿ ಕೊಡ್ಲಿ?”

ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದರೆ ನಿನ್ನ ಮೇಲೂ ಕೇಸು ಹಾಕುತ್ತೇನೆ ಎಂದು ನಾನು ಅವಳನ್ನು ಹೆದರಿಸಿ ಹೊರಬಿದ್ದೆ. ಅವಳು ಹೆದರಲಿಲ್ಲ. ಗೇಟಿನ ತನಕ ಬಯ್ಯುತ್ತಲೇ ಬಂದಳು.

ಕಳೆದ ವರ್ಷ ನನ್ನ ಹೆಂಡತಿ ಹೊಟ್ಟೆಯ ಗಡ್ಡೆಯಿಂದ ತೀರಿಕೊಂಡಳು. ಬೀದರಿನ ಡಾಕ್ಟರು ನೋವಿನ ಮಾತ್ರೆ ಬರೆದುಕೊಟ್ಟರು. ಒಂದು ದಿನ ಅದು ಅಂಗಡಿಯಲ್ಲಿ ಸಿಗಲಿಲ್ಲ. ಆ ಒಂದು ದಿನ ನಾನು ಮನೆಯಲ್ಲಿ ಕೂರಲಾರದೆ ಮೈಲೂರಿನ ತನಕ ನಡೆದುಹೋಗಿ ಬಂದೆ. ಮುದುಕಿಯ ಹದಿನೆಂಟು ದಿನ ಎಂದರೆ ಎಷ್ಟು ಎಂಬುದು ಆಗ ತಿಳಿಯಿತು.

ಹೆಂಡತಿಯ ಕಾರ್ಯ ಮುಗಿಸಿ ಆ ಊರಿಗೆ ಹೋದೆ. ಸೊಸೆಗೂ ಈಗ ವಯಸ್ಸಾಗಿದೆ. ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದಳು. ನಾನು ಯಾರೆಂದು ಹೇಳಿ, ಚೀಟಿ ಹರಿದದ್ದನ್ನೂ ಹೇಳಿ ಕೈ ಮುಗಿದೆ. ಕುಳಿತುಕೊಳ್ಳಿ ಎನ್ನಲಿಲ್ಲ.

“ನನಗ್ಯಾಕ ಕೈ ಮುಗಿತೀರಿ? ನಾ ಜೈಲಿನ್ಯಾಗ ಎರಡು ಹೊತ್ತು ರೊಟ್ಟಿ ತಿಂದು ಬಂದೀನಿ. ಆಕಿ ಪಾಲಿಂದು ನಾ ಹ್ಯಾಂಗ ಮಾಫ್ ಮಾಡ್ಲಿ? ಹೊಲದಾಗ ಮಲಗ್ಯಾಳ, ಅಲ್ಲಿ ಹೋಗಿ ಹೇಳ್ರಿ.”

ಯಾವ ಹೊಲ ಎಂದು ನಾನು ಕೇಳಲಿಲ್ಲ. ಬಿಸಿಲು ಜೋರಾಗಿದೆ, ಬಸ್ಸು ತಪ್ಪೀತು ಎಂದುಕೊಂಡು ತಿರುಗಿದೆ. ನನ್ನ ಬೆನ್ನ ಹಿಂದೆ ಆಕೆ ನೆಲಕ್ಕೆ ಉಗುಳಿದ್ದು ಕೇಳಿಸಿತು.

ನಾನು ಯಾರ ಕ್ಷಮೆ ಕೇಳದೆ ಉಳಿದೆನೋ ಅವಳು ಸೊಸೆಯಲ್ಲ. ದನಿಯಿಲ್ಲದೆ ಚೀಲಕ್ಕೆ ಕೈ ಚಾಚಿದವಳು, ಆ ಕುರಿಯವರ ಮನೆಯ ಮುದುಕಿ, ಆಕೆಯ ಅತ್ತೆ.